ಮ್ಯಾನೇಜರ್ ಮಾವನ ದಾಕ್ಷಿಣ್ಯ

ಒಂದು ಕಿತ್ತಳೆಗೆ ಎಂಟು ಹೋಳು, ಪ್ರತಿ ಹೋಳಿಗೆ ಒಂದು ಚಿಟಿಕೆ ಉಪ್ಪು, ಅರ್ಧ ಚಿಟಿಕೆ ಅಚ್ಚಖಾರದ ಪುಡಿ. ಪಂದ್ಯದ ವಿರಾಮದಲ್ಲಿ ಮಕ್ಕಳು ತಿನ್ನಲೆಂದು ನನ್ನ ಸೋದರಮಾವ ಇದನ್ನು ಬೆಳಗಿನ ಆರಕ್ಕೇ ಹೆಚ್ಚಿ ಡಬ್ಬಿಗೆ ತುಂಬಿದ್ದರು. ರಗ್ಬಿ ಆಡುವ ಮಕ್ಕಳ ತುಟಿ ಒಡೆದಿರುತ್ತದೆ ಎಂಬುದು ಅವರಿಗೆ ಹೊಳೆದಿರಲಿಲ್ಲ. ಆ ಮೊದಲ ಪಂದ್ಯದಲ್ಲಿ ನಮ್ಮ ಹುಡುಗಿಯರು ಅತ್ತದ್ದು ಸೋತದ್ದಕ್ಕಲ್ಲ!

ಎದುರಾಳಿಗಳ ಕ್ಷೇಮಕ್ಕಾಗಿ ಇಷ್ಟೊಂದು ದುಡಿದ ಮ್ಯಾನೇಜರ್ ಮತ್ತೊಬ್ಬ ಇದ್ದಾನೆಂದು ನಾನು ನಂಬುವುದಿಲ್ಲ. ಮಾವ ಮೈಸೂರಿನವರು. ಅಮೆರಿಕದ ಏಪೆಕ್ಸ್ ಎಂಬ ಊರಿನಲ್ಲಿ ಮನೆ, ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸ. ಹತ್ತಿರದ ವಿಶ್ವವಿದ್ಯಾಲಯದಲ್ಲಿ ಓದುವ ನಾನು ಅವರ ಮನೆಯ ಮೇಲಿನ ಕೋಣೆಯಲ್ಲಿದ್ದೇನೆ. ಅವರ ಹನ್ನೆರಡು ವರ್ಷದ ಮಗಳು ಇಂಚರ ಊರಿನ ಕ್ಲಬ್ಬಿನ ಹುಡುಗಿಯರ ರಗ್ಬಿ ತಂಡ ಸೇರಿದಳು. ಪೋಷಕರ ಸಭೆಯಲ್ಲಿ ಕೋಚ್ ಆಗಿದ್ದ ಹೆಂಗಸು, ಮ್ಯಾನೇಜರ್ ಕೆಲಸ ಯಾರು ಮಾಡುತ್ತೀರಿ ಎಂದು ಕೇಳಿದರು. ಒಬ್ಬ ಹೆಂಗಸು ಕೇಳಿದ ಪ್ರಶ್ನೆ ಉತ್ತರವಿಲ್ಲದೆ ಗಾಳಿಯಲ್ಲಿ ನಿಂತಿರುವುದನ್ನು ಮಾವನ ದಾಕ್ಷಿಣ್ಯ ಸಹಿಸೀತೇ? ಕೈ ಎತ್ತಿಯೇಬಿಟ್ಟರು. ಆಟದ ನಿಯಮಗಳನ್ನು ಆಮೇಲೆ ಓದಿಕೊಂಡರು.

"ಮುಂದಕ್ಕೆ ಹೋಗ್ಬೇಕಂತೆ, ಆದ್ರೆ ಚೆಂಡನ್ನ ಹಿಂದಕ್ಕೇ ಎಸೀಬೇಕಂತೆ. ನಮ್ಮ ಆಫೀಸಿನ ಪ್ರಾಜೆಕ್ಟ್ ಥರಾನೇ ಇದೆ ಕಣೇ," ಎಂದರು ನನಗೆ.

ನಮ್ಮ ಹುಡುಗಿ ಯಾರನ್ನಾದರೂ ಕೆಡವಿದರೆ ಮಾವ ಮೈದಾನದ ಅಂಚಿನುದ್ದಕ್ಕೂ ಓಡಿ, ಬಿದ್ದ ಮಗುವಿನ ತಾಯಿಯನ್ನು ಹುಡುಕಿ ಕ್ಷಮೆ ಕೇಳುತ್ತಿದ್ದರು. ಒಂದು ಪಂದ್ಯದಲ್ಲಂತೂ ಗೆರೆ ದಾಟಿ ಒಳಗೇ ಹೋಗಿ ಎದುರಾಳಿಯ ಮೊಣಕಾಲಿಗೆ ಬ್ಯಾಂಡೇಜ್ ಕಟ್ಟಿದರು. ಆಟ ನಡೆಯುತ್ತಲೇ ಇತ್ತು. ಇನ್ನೊಮ್ಮೆ ಹೀಗಾದರೆ ಪಾರ್ಕಿಂಗ್ ಲಾಟಿನಲ್ಲಿ ಕೂರಿಸುತ್ತೇನೆಂದು ರೆಫರಿ ಎಚ್ಚರಿಸಿದರು. ಮಾವ ಅವರಿಗೂ ಒಂದು ಹೋಳು ಕಿತ್ತಳೆ ಕೊಟ್ಟರು.

ನಗುವುದು ಇಷ್ಟಕ್ಕೇ ಮುಗಿಯಿತು. ಇಡೀ ವಸಂತದಲ್ಲಿ ನಮ್ಮ ತಂಡ ಒಂದೇ ಒಂದು ಅಂಕ ಗಳಿಸಲಿಲ್ಲ. ಚೆಂಡನ್ನು ಎದುರಾಳಿಯ ಕೊನೆಯ ಗೆರೆಯಾಚೆ ನೆಲಕ್ಕೆ ಮುಟ್ಟಿಸಿದರೆ ಐದು ಅಂಕ. ಆ ಗೆರೆಯನ್ನು ನಮ್ಮವರು ಹತ್ತಿರದಿಂದ ನೋಡಿಯೂ ಇರಲಿಲ್ಲ. ಬೇಸತ್ತ ಹುಡುಗಿಯರು ಬಿಡತೊಡಗಿ, ಎಂಟು ಜನ ಉಳಿದರು. ಮುಂದಿನ ಸೀಸನ್‌ಗೆ, ಆಡಲು ಬೇಕಾದ ಏಳು ಹೆಸರಾದರೂ ಬರದಿದ್ದರೆ ತಂಡ ಮುಚ್ಚುವುದಾಗಿ ಕ್ಲಬ್ಬಿನವರು ತಿಳಿಸಿದರು. ಇಂಚರ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಶಾಲೆಯಲ್ಲಿ ಅವಳಿಗೆ ಬೇರೆ ಗೆಳತಿಯರಿಲ್ಲ ಎಂಬುದು ನಮಗೆ ಆಗ ತಿಳಿಯಿತು.

ಸೀಸನ್ನಿನ ಕೊನೆಯ ಟೂರ್ನಮೆಂಟ್ ನಮ್ಮೂರಿನಲ್ಲೇ ಇತ್ತು. ಅಲ್ಲಿ ಒಂದು ಸಲ ಅಂಕ ಬಂದರೆ ಮಕ್ಕಳು ಉಳಿದಾರು ಎಂದು ಮಾವ ಲೆಕ್ಕ ಹಾಕಿದರು. ಅಕ್ಕಪಕ್ಕದ ಮನೆಗಳ ಕಸದ ಡಬ್ಬಗಳನ್ನು ಕೇಳಿ ತಂದು, ಏಳು ಎದುರಾಳಿಗಳಂತೆ ಹುಲ್ಲಿನ ಮೇಲೆ ನಿಲ್ಲಿಸಿ, ಅವುಗಳ ನಡುವೆ ಮಗಳನ್ನು ಓಡಿಸಿದರು. ಕಸದ ಡಬ್ಬ ಹುಲ್ಲಿನ ಮೇಲೆ ಇಡಬಾರದೆಂದು ಬಡಾವಣೆಯ ಸಂಘದಿಂದ ನೋಟಿಸ್ ಬಂತು. ಇಂಚರ ಮಾತ್ರ ಡಬ್ಬಗಳನ್ನು ಸೊಗಸಾಗಿ ತಪ್ಪಿಸಲು ಕಲಿತಳು.

ಟೂರ್ನಮೆಂಟಿನ ಮೊದಲ ಎರಡು ಪಂದ್ಯಗಳನ್ನು ಎಂದಿನಂತೆ ಸೋತೆವು. ಮೂರನೆಯದಕ್ಕೆ ಮೂರು ಗಂಟೆ ದೂರದಿಂದ ಬಂದ ತಂಡದಲ್ಲಿ ಆರೇ ಹುಡುಗಿಯರಿದ್ದರು; ಏಳನೆಯವಳು ಜ್ವರದಿಂದ ಬಂದಿರಲಿಲ್ಲ. ಮಕ್ಕಳ ರಗ್ಬಿಯಲ್ಲಿ ಒಂದು ಪದ್ಧತಿಯಿದೆ: ಎದುರು ತಂಡದಲ್ಲಿ ಜನ ಕಡಿಮೆಯಿದ್ದರೆ, ಹೆಚ್ಚಿರುವವರು ಒಬ್ಬರನ್ನು ಎರವಲು ಕೊಡುತ್ತಾರೆ. ನಮ್ಮಲ್ಲಿ ಬೆಂಚಿನ ಮೇಲೆ ಒಬ್ಬಳಿದ್ದಳು. ಚೆಂಡು ಬಂದರೆ ಕಣ್ಣು ಮುಚ್ಚಿಕೊಳ್ಳುವ ಪುಟ್ಟ ಹುಡುಗಿ. ಕೋಚ್ ಅವಳತ್ತ ನೋಡಿದರು. ಹೆಸರು ಕೊಡಬೇಕಾದವರು ಮ್ಯಾನೇಜರ್.

"ಇಂಚರ, ನೀನು ಹೋಗು," ಎಂದರು ಮಾವ.

ಕೋಚ್ ಎರಡು ಸಲ ಕೇಳಿದರು. ಮಾವ ಎರಡು ಸಲವೂ ತಲೆಯಾಡಿಸಿದರು. ಇಂಚರ ಅಪ್ಪನ ಮುಖ ನೋಡದೆ ಆ ತಂಡದ ಹಳದಿ ಜೆರ್ಸಿ ತೊಟ್ಟು ಆ ಕಡೆ ನಡೆದಳು.

ಎರಡನೆಯ ಅರ್ಧದಲ್ಲಿ ಚೆಂಡು ಅವಳ ಕೈಗೆ ಬಂತು. ನಮ್ಮವರಲ್ಲಿ ಯಾರು ಎಡಕ್ಕೆ ವಾಲುತ್ತಾರೆ, ಯಾರು ತಡವಾಗಿ ಬಾಗುತ್ತಾರೆ, ಎಲ್ಲ ಅವಳಿಗೆ ಗೊತ್ತು. ಕಸದ ಡಬ್ಬಗಳ ನಡುವೆ ಓಡಿದಂತೆ ಓಡಿ ಗೆರೆಯಾಚೆ ಚೆಂಡು ಮುಟ್ಟಿಸಿದಳು. ಅವಳ ಜೀವನದ ಮೊದಲ ಐದು ಅಂಕ! ಮೊದಲು ಚಪ್ಪಾಳೆ ತಟ್ಟಿದವರು ಮಾವ. ಆಮೇಲೆ ಮೈದಾನದಲ್ಲಿ ನಿಂತ ನಮ್ಮ ಮಕ್ಕಳನ್ನು ನೋಡಿದರು. ಕೈಗಳೆರಡೂ ಅರ್ಧದಲ್ಲೇ ನಿಂತವು. ಐದು-ಸೊನ್ನೆಯಿಂದ ಸೋತೆವು. ಅದಕ್ಕಿಂತ ಕಡಿಮೆ ಅಂತರದಲ್ಲಿ ನಾವು ಎಂದೂ ಸೋತಿರಲಿಲ್ಲ.

ಕಾರಿನಲ್ಲಿ ಇಂಚರ ಕಿಟಕಿಯ ಕಡೆ ತಿರುಗಿಯೇ ಹೇಳಿದಳು: "ನೀನು ನನ್ನ ಕೊಟ್ಬಿಟ್ಟೆ ಅಪ್ಪ. ಯು ಜಸ್ಟ್ ಗೇವ್ ಮಿ ಅವೇ."



ಸಂಜೆಯೊಳಗೆ ಮೂವರು ತಾಯಂದಿರ ಮೆಸೇಜ್ ಬಂತು. ಅದ್ಭುತ ಸೀಸನ್, ತುಂಬ ಧನ್ಯವಾದ ಎಂದು. ಬಿಟ್ಟುಹೋಗುವವರು ಇಲ್ಲಿ ಹೀಗೆಯೇ ಹೇಳುತ್ತಾರೆ. ಉಳಿದವರು ಐದು. ಮಾವ ಅಡುಗೆಮನೆಯ ಮೇಜಿನ ಮುಂದೆ, ತಂಡ ಮುಚ್ಚಬಹುದು ಎಂದು ಕ್ಲಬ್ಬಿಗೆ ಬರೆಯುತ್ತ ಕುಳಿತಿದ್ದರು. ನನಗೆ ಸಿಟ್ಟಿತ್ತು. ಬೆಂಚಿನ ಮೇಲಿದ್ದ ಹುಡುಗಿಯನ್ನೇ ಕಳಿಸಬಹುದಿತ್ತಲ್ಲ ಎಂದೆ.

ಅವರು ತಲೆ ಎತ್ತದೆ ಹೇಳಿದರು: "ಅವಳನ್ನ ಕಳ್ಸಿದ್ರೆ, ಇವ್ರಿಗೆ ನಾನು ಬೇಡ ಅಂತ ಕೊಟ್ರು ಅಂದ್ಕೊಳ್ಳಲ್ವೇನೇ ಆ ಮಗು? ಇಂಚರ ಹಾಗಂದ್ಕೊಳ್ಳಲ್ಲ. ಸಿಟ್ಟು ಮಾಡ್ಕೋತಾಳೆ, ಅಷ್ಟೆ." ಆಮೇಲೆ ತಲೆ ಎತ್ತಿ, "ಅಂದ್ಕೊಳ್ಳಲ್ಲ ಅಲ್ವಾ?" ಎಂದು ನನ್ನನ್ನು ಕೇಳಿದರು.

ಆ ಮೇಲ್ ನಾಳೆ ಕಳಿಸಿದರಾಯಿತು ಎಂದು ಹೇಳಿ ಲ್ಯಾಪ್‌ಟಾಪ್ ಮುಚ್ಚಿಸಿದೆ.

ನಾನು ಗುರುತಿಲ್ಲದವರಿಗೆ ಫೋನ್ ಮಾಡುವವಳಲ್ಲ. ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಆ ಮೂವರು ತಾಯಂದಿರ ನಂಬರುಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹಿತ್ತಲಿಗೆ ಹೋದೆ. ಏಳು ಹೆಸರಾಗಲು ಇಬ್ಬರಾದರೂ ಮರಳಿ ಬರಬೇಕಿತ್ತು. ಮೊದಲನೆಯವರು ಮಗಳನ್ನು ಆಗಲೇ ಈಜಿಗೆ ಸೇರಿಸಿದ್ದರು. ಎರಡನೆಯವರು ಎತ್ತಲಿಲ್ಲ, ನಾನು ಯಾರು, ಯಾಕೆ ಕರೆ ಮಾಡಿದೆ ಎಂದು ತಡವರಿಸುತ್ತ ಮೆಸೇಜ್ ಬಿಟ್ಟೆ. ಮೂರನೆಯ ನಂಬರ್ ಒತ್ತಿ, ಅದು ರಿಂಗ್ ಆಗುವಾಗ ಎದ್ದು ನಿಂತೆ.