ಟ್ರೌಟ್ ಮೀನಿಗೆ ನವಿಲುಗರಿಯ ನೊಣ

ಈ ಕೈಯಾರೆ ನೊಣ ಕಟ್ಟಿಯೇ ಕಟ್ಟುತ್ತೇನೆ, ನನ್ನ ಕೆಲಸ ಉಳಿಸಿಕೊಂಡೇ ಉಳಿಸಿಕೊಳ್ಳುತ್ತೇನೆ! ಕೊಲ್ಲಿ ದೇಶದ ಸಿಲಿಕಾನ್ ಓಯಸಿಸ್‌ನ ಆರನೇ ಮಹಡಿಯ ನಮ್ಮ ಮನೆಯಲ್ಲಿ ನಾನು ಹೀಗೆ ಶಪಥ ಮಾಡಿದ್ದು 2016ರ ಒಂದು ಶುಕ್ರವಾರ. ಆಫೀಸಿನಲ್ಲಿ ಜನರನ್ನು ತೆಗೆಯುತ್ತಿದ್ದರು. ನಮ್ಮ ವಿಭಾಗದಲ್ಲಿ ಉಳಿದವರು ನಾನು ಮತ್ತು ಪಾಯ್ಸ್. ಶುಕ್ರ, ಶನಿ ರಜೆ ಮುಗಿದು ಭಾನುವಾರ ಆಫೀಸು ತೆರೆದೊಡನೆ ಇಬ್ಬರಲ್ಲಿ ಒಬ್ಬರು ಮನೆಗೆ! ತೀರ್ಮಾನ ಸ್ಕಾಟ್ಲೆಂಡಿನ ಮೆಕ್‌ಲೀಡ್ ಸಾಹೇಬರದು. ಅವರಿಗೋ ರಜೆ ಬಂತೆಂದರೆ ಊರಿನ ಹೊಳೆಯಲ್ಲಿ ಗರಿಯ ನೊಣ ಕಟ್ಟಿದ ಗಾಳದಿಂದ ಟ್ರೌಟ್ ಹಿಡಿಯುವ ಹುಚ್ಚು. ಅಂಥದ್ದೊಂದು ನೊಣ ಕೊಟ್ಟು ಅವರನ್ನು ಒಲಿಸಿಕೊಳ್ಳುವುದು ನನ್ನ ಲೆಕ್ಕ. ನಾನು ಕಡಲ ದಂಡೆಯ ಕಾಪುವಿನವ. ಮೀನಿನ ವಿಷಯದಲ್ಲಿ ನನಗೆ ಪಾಠ ಹೇಳುವವರುಂಟೇ?

ಯೂಟ್ಯೂಬ್ ನೋಡಿ ಹೆಂಡತಿ ಇಂದ್ರಾಣಿಗೆ ವಿವರಿಸಿದೆ. "ಇದಕ್ಕೆ ಎಮರ್ಜರ್ ಅಂತ ಹೆಸರು. ನೀರಡಿಯ ಹುಳ ನೊಣವಾಗಿ ಹಾರುವ ಮೊದಲು ಅರ್ಧ ಮುಳುಗಿ, ಅರ್ಧ ತೇಲಿ ನಿಲ್ತದೆ. ಟ್ರೌಟ್ ಆಗಲೇ ನುಂಗುದು. ಗಾಳಕ್ಕೆ ಗರಿ, ನೂಲು ಸುತ್ತಿ ಹಾಗೇ ಮಾಡ್ಬೇಕು."

"ಮೇಲೆ ಬರುವಾಗಲೇ ನುಂಗುದಾ? ಪಾಪ! ನಮ್ಮೂರಲ್ಲಿ ಎರೆಹುಳ ಸಿಕ್ಕಿಸಿದ್ರೆ ಸಾಕಿತ್ತು ಮಾರಾಯ್ರೇ."

ಅವಳು ಅಡುಗೆಮನೆಗೆ ಹೋದದ್ದೇ ತಡ, ದೇವರ ಮೂಲೆಯ ಕೃಷ್ಣನ ನವಿಲುಗರಿಯಿಂದ ನಾಲ್ಕೇ ನಾಲ್ಕು ಎಳೆ ಕಿತ್ತೆ. ತೇಲಲೆಂದು ಚಪ್ಪಲಿಯ ರಬ್ಬರ್ ಚೂರು. ಬಾತ್‌ಟಬ್ಬಿನಲ್ಲಿ ಬಿಟ್ಟರೆ ಮೊದಲನೆಯ ನೊಣ ನೇರ ಪಾತಾಳಕ್ಕೆ! ಎರಡನೆಯದು ದೋಣಿಯ ಹಾಗೆ ತೇಲಿತು. ಏಳನೆಯದರ ಹೊತ್ತಿಗೆ ಕೃಷ್ಣನ ಮುಡಿಯಲ್ಲಿ ಉಳಿದದ್ದು ಬರೀ ಕಡ್ಡಿ. ಆದರೆ ಏಳನೆಯದು ಅರ್ಧ ಮುಳುಗಿ, ಅರ್ಧ ತೇಲಿ ನಿಂತೇಬಿಟ್ಟಿತು! ಖುಷಿಯಲ್ಲಿ ಬಾಚಿಕೊಂಡೆ. ಗಾಳ ಹೆಬ್ಬೆರಳಿಗೆ ಇಳಿಯಿತು.

ಬೊಬ್ಬೆ ಕೇಳಿ ಓಡಿಬಂದ ಇಂದ್ರಾಣಿ ನನ್ನ ಬೆರಳು ನೋಡಿದಳು. ಆಮೇಲೆ ಕೃಷ್ಣನನ್ನು ನೋಡಿದಳು.

"ಅಮ್ಮ ಕೊನೆ ಸಲ ಬಂದಾಗ ತಂದ ಗರಿ ಅದು."

"ಕೆಲಸ ಉಳೀಲಿ ಮಾರಾಯ್ತಿ, ನೂರು ಗರಿ ತರ್ತೇನೆ!"

"ಅಮ್ಮನನ್ನು ಎಲ್ಲಿಂದ ತರ್ತೀರಿ?"

ನನಗೆ ನಾಚಿಕೆಯಾಯಿತು. ಟ್ಯಾಕ್ಸಿಯಲ್ಲಿ ಕ್ಲಿನಿಕ್ಕಿಗೆ ಹೋಗಿ ಗಾಳ ತೆಗೆಸಿ, ನೊಣವನ್ನು ಜೋಪಾನವಾಗಿ ಜೇಬಿಗೆ ಹಾಕಿಕೊಂಡೆ.

ಭಾನುವಾರ ಬ್ಯಾಂಡೇಜಿನ ಕೈಯಿಂದ ಸಾಹೇಬರಿಗೆ ನೊಣ ಸಮರ್ಪಿಸಿದೆ. ಅಂಗೈಯಲ್ಲಿಟ್ಟು ನೋಡಿದ ಅವರ ಕಣ್ಣು ತೇವವಾಯಿತು. ಗೆದ್ದೆ ಎಂದುಕೊಂಡೆ! ಅವರು ಇಂಗ್ಲಿಷಿನಲ್ಲಿ ಹೇಳಿದ್ದರ ಸಾರ ಇಷ್ಟು: "ಜಯಪಾಲ, ಎರಡು ವಾರದಿಂದ ನನಗೆ ನಿದ್ದೆಯಿಲ್ಲ. ಪಾಯ್ಸ್‌ಗೆ ಈ ಕೆಲಸ ಬಿಟ್ಟರೆ ಬದುಕಿನಲ್ಲಿ ಬೇರೇನೂ ಇಲ್ಲ. ನಿನಗೂ ಇಲ್ಲವೆಂದು ತಿಳಿದಿದ್ದೆ. ಸದ್ಯ, ನಿನಗೊಂದು ಹವ್ಯಾಸವಿದೆ! ಮನಸ್ಸು ನಿರಾಳವಾಯಿತು." ಹೀಗೆಂದು ಲಕೋಟೆ ಮುಂದೆ ಸರಿಸಿದರು.

ಮನೆಯಲ್ಲಿ ಇಂದ್ರಾಣಿ ಪತ್ರವನ್ನು ಎರಡು ಸಲ ಓದಿದಳು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಸಾಹೇಬ್ರಿಗೆ ಆ ಪಾಯ್ಸ್ ಎಂತ ಮಾಡಿ ಕೊಟ್ಟದ್ದು?"

"ಎಂತದೂ ಇಲ್ಲ. ಅವ ಆಫೀಸಿನ ಕೆಲಸ ಮಾಡಿ ಕೊಟ್ಟ, ಅಷ್ಟೇ."

"ನಿಮಗೆ ಅದೊಂದು ಹೊಳೀಲೇ ಇಲ್ವಾ ಮಾರಾಯ್ರೇ?"