ಅತ್ತೆಯ ಮಂಡಿಗೊಂದು ಚೀಟಿ

ನಮ್ಮ ಸೋದರತ್ತೆಗೆ ಸಿಟ್ಟು ಬರುವುದೇ ಇಲ್ಲ. ಹೋಗಿದ್ದರೆ ತಾನೇ ಬರುವುದಕ್ಕೆ!

ಗುಬ್ಬಿಯ ಹೋಟೆಲಿನಲ್ಲಿ ಮೂವತ್ತು ವರ್ಷ ನಿಂತೇ ದೋಸೆ ಹುಯ್ದವಳು. ಎರಡನೇ ಸಲ ಚಟ್ನಿ ಕೇಳಿದವರಿಗೆ, "ದೋಸೆ ತಿನ್ನಕ್ಕೆ ಬಂದ್ಯೋ, ಚಟ್ನಿ ಕುಡಿಯಕ್ಕೆ ಬಂದ್ಯೋ?" ಎನ್ನುತ್ತಿದ್ದಳು. ಆದರೂ ಹೋಟೆಲಿಗೆ ಜನ ಬರುತ್ತಿದ್ದರು. ಬೈಗುಳವೂ ಬಿಸಿ, ದೋಸೆಯೂ ಬಿಸಿ.

ಹೋದ ವರ್ಷ ಇವಳ ಎಡ ಮಂಡಿ ಹಿಡಿದುಕೊಂಡಿತು. ಕೂತರೆ ಏಳಲಾಗದು, ಎದ್ದರೆ ಕೂರಲಾಗದು. ಗಿರಾಕಿಯೊಬ್ಬರು ಫಿಸಿಯೋಥೆರಪಿ ಮಾಡಿಸಿ ಎಂದರು. ಪಕ್ಕದ ಮನೆಯಲ್ಲೇ ಇರುವ ತಪ್ಪಿಗೆ ಆ ಕೆಲಸ ನನ್ನ ತಲೆಗೆ ಬಂತು. ರಜೆ ಹಾಕಿ ತುಮಕೂರಿನ ದೊಡ್ಡ ಆಸ್ಪತ್ರೆಯೊಂದಕ್ಕೆ ಕರೆದೊಯ್ದೆ.

"ಡಾಕ್ಟರ್ ಚೀಟಿ ಎಲ್ಲಿ? ಅವರು ಬರೆದುಕೊಟ್ರೆ ಮಾತ್ರ ಫಿಸಿಯೋಗೆ ಬಿಡೋದು" ಎಂದಳು ಕೌಂಟರಿನ ಹುಡುಗಿ.

ಅತ್ತೆ ಕಿಂಡಿಯೊಳಗೆ ಮುಖ ತೂರಿಸಿದಳು. "ಮಂಡಿ ನಂದು, ನೋವು ನಂದು. ನಂಗೆ ನೋವೈತೆ ಅಂತ ಇನ್ನೊಬ್ಬ ಬರ್ಕೊಡಬೇಕಾ?"

ನಾನು ಇವಳು ಯಾರೋ ಎಂಬಂತೆ ಗೋಡೆಯ ಮೇಲಿನ ಡೆಂಗ್ಯೂ ಪೋಸ್ಟರ್ ಓದಿದೆ. ಪೂರ್ತಿ ಎರಡು ಸಲ!

ಹೇಗೋ ಸಮಾಧಾನ ಮಾಡಿ ಎರಡು ಗಂಟೆ ಸರದಿಯಲ್ಲಿ ಕೂರಿಸಿದೆ. ಒಳಗೆ ಡಾಕ್ಟರು ತಲೆ ಎತ್ತದೆ "ಎಕ್ಸ್‌ರೇ ತಗೊಂಡ್ಬನ್ನಿ" ಎಂದರು.

"ಮೊದ್ಲು ಕಾಲು ನೋಡಪ್ಪಾ."

"ಫಿಲ್ಮ್ ಬರ್ಲಿ, ನೋಡೋಣ."

"ಹಂಗಾದ್ರೆ ಫಿಲಮ್ಮಿಗೇ ಮಾತ್ರೆ ಕೊಡು!" ಎಂದು ಅತ್ತೆ ಎದ್ದು ಬಂದೇಬಿಟ್ಟಳು.

ನನಗೆ ಮೈಯೆಲ್ಲ ಉರಿಯಿತು. "ಫಿಸಿಯೋ ಮಾಡಿಸ್ಬೇಕಾಗಿರೋದು ನಿನ್ನ ಮಂಡಿಗಲ್ಲ, ನಾಲಿಗೆಗೆ!" ಎಂದು ಅಷ್ಟು ಜನರ ಮುಂದೆ ಕೂಗಿದೆ. ಅತ್ತೆ ಸೀದಾ ಬಸ್ ಸ್ಟ್ಯಾಂಡಿನ ಕಡೆ ಹೊರಟಳು. ಚೀಟಿ ಇಲ್ಲದೆಯೂ ನೋಡುವ ಫಿಸಿಯೋ ಕುಣಿಗಲ್‌ನಲ್ಲಿದ್ದಾರೆಂದು ಸರದಿಯಲ್ಲಿದ್ದ ಹೆಂಗಸು ಅವಳಿಗೆ ಹೇಳಿದ್ದಳಂತೆ. ಕುಂಟುತ್ತಾ ಹೋಗಿ ಕುಣಿಗಲ್ ಬಸ್ಸು ಹತ್ತಿದಳು. ಬೈದುಕೊಳ್ಳುತ್ತಾ ನಾನೂ ಹತ್ತಿದೆ. ಬಿಟ್ಟುಬರಲಾಗುತ್ತದೆಯೇ?

ಅಲ್ಲಿದ್ದವಳು ಸಣ್ಣ ವಯಸ್ಸಿನ ಹೆಣ್ಣುಮಗಳು. ಚೀಟಿ ಕೇಳಲಿಲ್ಲ, ಪ್ರಶ್ನೆ ಕೇಳಿದಳು. "ಬಿದ್ದಿದ್ರಾ? ಜ್ವರ ಬಂದಿತ್ತಾ? ಕಾಲು ಜೋಮು ಹಿಡಿಯುತ್ತಾ? ತೂಕ ಇಳಿದಿದ್ಯಾ?"

"ಇದೇನಮ್ಮಾ, ಹೆಣ್ಣು ನೋಡಕ್ಕೆ ಬಂದೋರಂಗೆ ಕೇಳ್ತೀಯ?"

"ಕೇಳ್ಬೇಕಮ್ಮಾ. ಏನಾದ್ರೂ ಅನುಮಾನ ಬಂದ್ರೆ ನಾನೇ ಡಾಕ್ಟರ ಹತ್ರ ಕಳಿಸ್ತೀನಿ."

"ಓಹೋ, ನೀನೂ ಅವರ ಪಾರ್ಟಿನೇ!"

ಅವಳು ನಕ್ಕು ಕೆಳಗೆ ಸ್ಟೂಲಿನ ಮೇಲೆ ಕೂತಳು. ಅತ್ತೆಯ ಕಾಲನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡಳು. ಒಡೆದ ಹಿಮ್ಮಡಿಯನ್ನು ಒಂದು ಕೈಯಲ್ಲಿ ಹಿಡಿದು, ಮಂಡಿಯನ್ನು ನಿಧಾನವಾಗಿ ಮಡಿಸಿದಳು, ಬಿಡಿಸಿದಳು. ಅತ್ತೆ ಬೈಯಲಿಲ್ಲ. ನನಗೆ ಗಾಬರಿಯಾಯಿತು. ನೋಡಿದರೆ, ಕೆನ್ನೆ ಮೇಲೆ ನೀರು.

"ನೋವಾಯ್ತಾ ಅಮ್ಮಾ?"

ಅತ್ತೆ ಇಲ್ಲವೆಂದು ತಲೆಯಾಡಿಸಿದಳು. "ನಮ್ಮ ಅತ್ತೆಮ್ಮನ ಕಾಲು ಒತ್ತಿದೀನಿ. ಯಜಮಾನ್ರ ಕಾಲು ಒತ್ತಿದೀನಿ. ಇವ್ನು ಜ್ವರ ಬಂದು ಮಲಗಿದಾಗ ಇವ್ನ ಕಾಲೂ ಒತ್ತಿದೀನಿ. ನನ್ ಕಾಲು ಹಿಡಿದೋಳು ನೀನೇ ಮೊದಲು ಕಣವ್ವಾ."

ಬೆಳಗಿನಿಂದ ಅವಳ ಮೇಲೆ ಉರಿಯುತ್ತಿದ್ದ ನನ್ನ ಸಿಟ್ಟು ಗಪ್ಪನೆ ನನ್ನ ಕಡೆಗೇ ತಿರುಗಿತು.

"ಮನೇಲೂ ದಿನಾ ಯಾರಾದ್ರೂ ಹೀಗೆ ಮಾಡಿಸ್ಬೇಕು. ಯಾರಿದೀರ?" ಫಿಸಿಯೋ ಕೇಳಿದಳು.

ನಾನು ಅತ್ತೆಯ ಕಾಲ ಬಳಿ ನೆಲದ ಮೇಲೆ ಕೂತೆ.

"ಹೇಗೆ ಹಿಡಿಯೋದು, ತೋರಿಸಮ್ಮಾ" ಎಂದೆ.