ಪೂಜೆಗೆ ಕೂರದ ರೆಂಚು

ಗಂಡಸಿಗೆ ನಲವತ್ತೈದು ದಾಟಿದ ಮೇಲೆ ಮನೆಯ ನಲ್ಲಿಯನ್ನು ತಾನೇ ರಿಪೇರಿ ಮಾಡಬೇಕು ಎಂಬ ಒಂದು ಆಸೆ ಹುಟ್ಟುತ್ತದೆ. ಕಾರಣ ಯಾವ ವೈದ್ಯರಿಗೂ ಗೊತ್ತಿಲ್ಲ. ಆ ವಯಸ್ಸಿನಲ್ಲಿ ಕೆಲವರಿಗೆ ಸಕ್ಕರೆ ಕಾಯಿಲೆ ಬರುತ್ತದೆ, ಕೆಲವರಿಗೆ ಅಧ್ಯಾತ್ಮ ಬರುತ್ತದೆ, ನನಗೆ ಸ್ಪ್ಯಾನರು ಬಂತು. ನಾನು ಸರಸ್ವತಿಪುರಂನ ಒಂದು ಟ್ಯುಟೋರಿಯಲ್ಲಿನಲ್ಲಿ ಭೌತಶಾಸ್ತ್ರ ಹೇಳಿಕೊಡುವವನು. ಹಿಡಿಕೆ ಉದ್ದವಿದ್ದಷ್ಟೂ ತಿರುಗಿಸುವ ಬಲ ಹೆಚ್ಚು ಎಂದು ಇಪ್ಪತ್ತು ವರ್ಷದಿಂದ ಬೋರ್ಡಿನ ಮೇಲೆ ಬಾಣ ಬರೆದು ತೋರಿಸುತ್ತಿದ್ದೇನೆ. ಅಷ್ಟು ಬಾಣ ಬರೆದವನು ಒಂದು ಬೋಲ್ಟು ಬಿಚ್ಚಲಾರನೇ ಎಂಬುದು ನನ್ನ ತರ್ಕವಾಗಿತ್ತು. ಈಗ ಹೇಳಹೊರಟಿರುವುದು ಆ ತರ್ಕದ ಸಾಹಸವನ್ನಲ್ಲ, ಅದು ತಂದಿಟ್ಟ ನಾಚಿಕೆಗೇಡನ್ನು. ಶ್ರೀರಾಂಪುರದ ನಮ್ಮ ಬೀದಿಯವರ ಬಾಯಿಂದ ಇದು ನಿಮಗೆ ತಲುಪುವುದಕ್ಕಿಂತ ಮೊದಲು ನಾನೇ ಒಪ್ಪಿಸಿಬಿಡುವುದು ಮೇಲು.

ಸ್ಪ್ಯಾನರುಗಳು ಬಂದದ್ದು ಒಂದು ಕಿತ್ತಲೆ ಬಣ್ಣದ ಪೆಟ್ಟಿಗೆಯಲ್ಲಿ. ಫೋನಿನಲ್ಲಿ ನೋಡಿ ತರಿಸಿದ್ದು, ಸಮುದ್ರ ದಾಟಿ ಬಂದದ್ದು. ಮುಚ್ಚಳ ತೆರೆದರೆ ನೂರಾ ಎಂಟು ಸಾಮಾನು, ಒಂದೊಂದೂ ಅದರದರ ಗುಳಿಯಲ್ಲಿ ಬೆಚ್ಚಗೆ ಮಲಗಿದ್ದವು. ಅಷ್ಟೋತ್ತರದ ಸಂಖ್ಯೆ ನೋಡಿ ಇದು ದೈವಸಂಕಲ್ಪವೇ ಎಂದುಕೊಂಡೆ. ಮೊದಲ ವಾರ ಸ್ಕ್ರೂಡ್ರೈವರಿನ ತುದಿ ಚಕ್ಕುಲಿಯ ಹಾಗೆ ಸುತ್ತಿಕೊಂಡಿತು. ಎರಡನೆಯ ವಾರ ಅಳತೆ ಟೇಪು ಹೊರಗೆ ಬಂದದ್ದು ಮತ್ತೆ ಒಳಗೆ ಹೋಗಲಿಲ್ಲ. ಇವತ್ತಿಗೂ ಅದನ್ನು ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿ ಇಟ್ಟಿದ್ದೇನೆ. ಮಟ್ಟ ನೋಡುವ ಪಟ್ಟಿಯದು ಇನ್ನೂ ಸ್ವಾರಸ್ಯ. ಅದನ್ನು ಹೇಗೆ ಹಿಡಿದರೂ ಒಳಗಿನ ಗುಳ್ಳೆ ನಡುವೆಯೇ ನಿಲ್ಲುತ್ತಿತ್ತು. ಅದರ ಮಾತು ನಂಬಿ ಅಡುಗೆಮನೆಯಲ್ಲಿ ಒಂದು ಶೆಲ್ಫು ಹೊಡೆದೆ. ಅದರ ಮೇಲೆ ಇಟ್ಟ ನಿಂಬೆಹಣ್ಣು ಉರುಳಿ ಸಾರಿನ ಪಾತ್ರೆಗೆ ಬಿತ್ತು. ನನ್ನ ಹೆಂಡತಿ ಸುಮಿತ್ರ ಅದನ್ನು ಸೌಟಿನಲ್ಲಿ ಎತ್ತಿ ತೋರಿಸಿ, "ಅಗ್ಗಕ್ಕೆ ಸಿಕ್ತು ಅಂತ ಮುಗ್ಗಲು ಜೋಳ ತಂದ್ರಿ ಕಣ್ರೀ. ಇನ್ನೊಂದು ಮುರೀಲಿ, ಪೆಟ್ಟಿಗೆ ಸಮೇತ ಗುಜರಿಯವನಿಗೆ ಹಾಕ್ತೀನಿ" ಎಂದಳು. ಅವಳು ಸುಮ್ಮನೆ ಬೆದರಿಸುವವಳಲ್ಲ.

ಆ ಇನ್ನೊಂದು ಮುರಿಯಿತು. ಅದೇ ಆ ಪೆಟ್ಟಿಗೆಯ ಪಟ್ಟದಾನೆ, ಒಂದು ದೊಡ್ಡ ಪೈಪ್ ರೆಂಚು. ಪೈಪನ್ನು ಕಚ್ಚಿ ಹಿಡಿಯುವ ಅದರ ಮೇಲ್ದವಡೆ, ನಾನು ಗ್ಯಾಸ್ ಸಿಲಿಂಡರಿನ ಹತ್ತಿರ ಏನನ್ನೋ ಬಿಗಿ ಮಾಡುವಾಗ, ಬಿಸ್ಕತ್ತಿನ ಹಾಗೆ ಎರಡು ತುಂಡಾಯಿತು. ಒಳಗೆ ನೋಡಿದರೆ ಕಬ್ಬಿಣವೇ ಅಲ್ಲ, ಬೂದು ಬಣ್ಣದ ಪುಡಿಪುಡಿಯಾದ ಏನೋ ಒಂದು. ಮರ್ಯಾದಸ್ಥನಾದರೆ ಅಲ್ಲೇ ಸೋಲೊಪ್ಪಿಕೊಳ್ಳಬೇಕಿತ್ತು. ನಾನು ಸುಮಿತ್ರ ಮಾರ್ಕೆಟ್ಟಿಗೆ ಹೋಗಿದ್ದಾಗ ಟ್ಯೂಬಿನ ಅಂಟು ಹಾಕಿ ತುಂಡುಗಳನ್ನು ಕೂಡಿಸಿದೆ, ಬಿರುಕಿನ ಮೇಲೆ ಬೆಳ್ಳಿ ಬಣ್ಣ ಬಳಿದೆ, ಆರಿದ ಮೇಲೆ ಅದರ ಗುಳಿಯಲ್ಲೇ ಮಲಗಿಸಿದೆ. ಅಂಟು ಕಬ್ಬಿಣದ ಕೆಲಸ ಮಾಡುವುದಿಲ್ಲ ಎಂದು ತಿಳಿಯಲು ಭೌತಶಾಸ್ತ್ರ ಓದಬೇಕಾಗಿಲ್ಲ. ಓದಿದವನಿಗೂ ಗೊತ್ತಿತ್ತು.

ಅಷ್ಟರಲ್ಲಿ ಆಯುಧಪೂಜೆ ಬಂತು. ಮೈಸೂರಿನಲ್ಲಿ ಆ ದಿನ ಕಬ್ಬಿಣ ಎನ್ನಿಸಿಕೊಂಡದ್ದೆಲ್ಲ ಮಿಂದು, ಅರಿಶಿನ ಕುಂಕುಮ ಹಚ್ಚಿಸಿಕೊಂಡು, ಹೂ ಮುಡಿದು ಕೂರುತ್ತದೆ. ಪೂಜೆಗೆ ಇಟ್ಟದ್ದನ್ನು ಮಾರನೆಯ ದಿನದವರೆಗೆ ಯಾರೂ ಮುಟ್ಟುವಂತಿಲ್ಲ. ವರ್ಷವೆಲ್ಲ ದುಡಿದವಕ್ಕೆ ಅದೊಂದು ರಜೆ. ಸುಮಿತ್ರ ಸ್ಕೂಟರು, ಮಿಕ್ಸಿ, ಈಳಿಗೆಮಣೆ, ನನ್ನ ಲ್ಯಾಪ್‌ಟಾಪು ಎಲ್ಲವನ್ನೂ ಸಾಲಾಗಿ ಇಟ್ಟು, "ನಿಮ್ಮ ಪೆಟ್ಟಿಗೆ ತನ್ನಿ, ಒಂದೊಂದನ್ನೂ ತೆಗೆದು ಒರೆಸಿ ಇಡ್ತೀನಿ" ಎಂದಳು. ಒಂದೊಂದನ್ನೂ ಎಂದರೆ ಅಂಟು ಹಾಕಿದ ರೆಂಚೂ ಅವಳ ಕೈಗೆ ಬರುತ್ತಿತ್ತು. "ಅವೆಲ್ಲ ಹೊರದೇಶದ್ದು, ಅವಕ್ಕೆ ನಮ್ಮ ಪೂಜೆ ಯಾಕೆ?" ಎಂದು ದೊಡ್ಡ ತತ್ವಜ್ಞಾನಿಯ ಹಾಗೆ ನಕ್ಕು, ಪೆಟ್ಟಿಗೆಯನ್ನು ಮಂಚದ ಕೆಳಗೆ ಹಳೆಯ ಸೂಟ್‌ಕೇಸಿನ ಹಿಂದೆ ತಳ್ಳಿದೆ. ಅಂದರೆ ಇಡೀ ಬೀದಿಯಲ್ಲಿ ಪೂಜೆಗೆ ಕೂರದೆ ಉಳಿದ ಆಯುಧಗಳೆಂದರೆ ನನ್ನವು ಮಾತ್ರ.

ಮಧ್ಯಾಹ್ನ ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಹಿತ್ತಲಿನ ನಲ್ಲಿ ನನ್ನ ಕೈಗೇ ಬಂತು. ಅದೂ ಅದೇ ಫೋನಿನಲ್ಲಿ ತರಿಸಿದ ಚಿನ್ನದ ಬಣ್ಣದ ನಲ್ಲಿ. ಗೋಡೆಯಿಂದ ನೀರು ನೇರವಾಗಿ ಚಿಮ್ಮಿ ಎದುರಿನ ಕಾಂಪೌಂಡಿಗೆ ಬಡಿಯತೊಡಗಿತು. ಮೇಲೆ ಓಡಿ ಟ್ಯಾಂಕಿನ ವಾಲ್ವು ತಿರುಗಿಸಿದರೆ ಅದು ತುಕ್ಕು ಹಿಡಿದು ಜಪ್ಪಯ್ಯ ಎಂದರೂ ಅಲುಗಲಿಲ್ಲ. ನನ್ನ ಕೂಗಾಟ ಕೇಳಿ ಎದುರುಮನೆಯ ಮಾದಪ್ಪ ಬಂದ. ಇಲವಾಲದ ಕಡೆಯವನು, ಹದಿನೈದು ವರ್ಷದಿಂದ ಪ್ಲಂಬರು. ಅವನನ್ನು ಕರೆಯುವುದು ಸೋಲು ಎಂದೇ ನಾನು ಆ ಪೆಟ್ಟಿಗೆ ತರಿಸಿದ್ದು. ಇದು ಅವನಿಗೂ ಗೊತ್ತಿತ್ತು. ಆದರೂ ಹಬ್ಬದ ಹೊಸ ಅಂಗಿಯಲ್ಲೇ ನುಗ್ಗಿ ಪೈಪಿನ ಬಾಯಿಗೆ ಅಂಗೈ ಒತ್ತಿ ಹಿಡಿದ. ಹಿಂದೆಯೇ ಬಂದ ಅವನ ತಾಯಿ ಪುಟ್ಟಮ್ಮ ಹಿತ್ತಲ ಬಾಗಿಲಲ್ಲಿ ನಿಂತು, "ಇವತ್ತು ಆಯ್ದ ಮುಟ್ಬ್ಯಾಡ ಕಣೋ ಮಾದ" ಎಂದರು. "ನನ್ ಆಯ್ದ ಪೂಜೇಲವೆ ಕಣವ್ವ, ಅವನ್ಯಾಕ್ ಮುಟ್ಲಿ?" ಎಂದ ಮಾದಪ್ಪ ನನ್ನ ಕಡೆ ತಿರುಗಿ, "ಸಾ, ನಿಮ್ದು ಪೂಜೆಗಿಟ್ಟಿದ್ದೀರಾ?" ಎಂದು ಕೇಳಿದ.

"ಇಲ್ಲ" ಎಂದೆ. ಆ ದಿನ ನಾನು ಆಡಿದ ಒಂದೇ ಸತ್ಯ ಅದು.

"ಅಂಗಾರೆ ತನ್ನಿ, ಬಿರ್ನೆ."

ಮಂಚದ ಕೆಳಗೆ ಬಗ್ಗಿ ಪೆಟ್ಟಿಗೆ ತೆರೆದೆ. ಆ ರೆಂಚನ್ನು ಕೈಗೆ ತೆಗೆದುಕೊಂಡೆ. ಹೇಳಿಬಿಡಲೇ ಎಂದುಕೊಂಡೆ. ಹೊರಗೆ ಸುಮಿತ್ರ ಮಾದಪ್ಪನ ಪಕ್ಕದಲ್ಲೇ ಬಕೆಟ್ಟು ಹಿಡಿದು ನಿಂತಿದ್ದಳು. ಅವಳ ಮುಂದೆ ಹೇಳಬೇಕಾಗುತ್ತಿತ್ತು. ಹೇಳಲಿಲ್ಲ. ರೆಂಚು ಕೊಟ್ಟು, "ಸ್ವಲ್ಪ ನಿಧಾನ, ಮಾದಪ್ಪ" ಎಂದೆ, ಅಷ್ಟೆ. ನನ್ನ ಇಡೀ ಪ್ರಾಮಾಣಿಕತೆ ಆ ಎರಡು ಮಾತಿನಲ್ಲಿ ಮುಗಿಯಿತು. ಅವನು ಗೋಡೆಯಿಂದ ಹೊರಚಾಚಿ ಉಳಿದಿದ್ದ ನಲ್ಲಿಯ ತುಂಡನ್ನು ಬಿಚ್ಚಿ ಬಿರಡೆ ಹಾಕಲೆಂದು ಅದಕ್ಕೆ ರೆಂಚು ಕಚ್ಚಿಸಿ, ಉಸಿರು ಕಟ್ಟಿ, ಮೈಭಾರವೆಲ್ಲ ಬಿಟ್ಟು ಎಳೆದ. ಟಕ್ ಎಂದಿತು. ದವಡೆ ಹಾರಿ ಹೋಯಿತು, ಅವನ ಬಲಗೈ ಗೋಡೆಯ ಕಲ್ಲಿಗೆ ಅಪ್ಪಳಿಸಿತು. "ಅವ್ವಾ" ಎಂದು ಅವನು ಕೂತುಬಿಟ್ಟ.

ಮುಂದಿನ ಮಾತು ಬರೆಯಲು ಕೈ ಹಿಂಜರಿಯುತ್ತದೆ. ಸುಮಿತ್ರ ತನ್ನ ಸೆರಗನ್ನೇ ಒದ್ದೆ ಮಾಡಿ ಅವನ ಕೈಗೆ ಸುತ್ತುತ್ತಿದ್ದಾಗ, ಪುಟ್ಟಮ್ಮ ಮಗನ ತಲೆ ಹಿಡಿದು ಅಳುತ್ತಿದ್ದಾಗ, ನಾನು ನೀರಿನಲ್ಲಿ ಕೈಯಾಡಿಸಿ ಆ ದವಡೆಯ ತುಂಡು ಹುಡುಕುತ್ತಿದ್ದೆ. ಸಿಕ್ಕಿತು. ಅಂಟಿನ ಗುರುತು ಯಾರಿಗೂ ಕಾಣದ ಹಾಗೆ ಜೇಬಿಗೆ ಹಾಕಿಕೊಂಡೆ. ಅದಾದ ಮೇಲೆಯೇ ಆಟೋ ಕರೆಯಲು ಓಡಿದ್ದು.

ಎರಡು ಬೆರಳಿನ ಮೂಳೆ ಬಿರಿದಿತ್ತು. ಆಸ್ಪತ್ರೆಯಲ್ಲಿ ಅಂಗೈ ಮುಚ್ಚುವಂತೆ ಪಟ್ಟಿ ಹಾಕಿ ಒಂದು ತಿಂಗಳು ಕೆಲಸ ಮಾಡಬಾರದು ಎಂದರು. ದೀಪಾವಳಿಗೆ ಮುಂಚಿನ ಆ ದಿನಗಳಲ್ಲಿ ಎಲ್ಲರ ಮನೆಯಲ್ಲೂ ಟ್ಯಾಂಕು ತೊಳೆಯುವುದು, ಗೀಸರು ಕೂರಿಸುವುದು; ಅವನ ಫೋನು ಬಡಿದುಕೊಳ್ಳುತ್ತಲೇ ಇರುತ್ತಿತ್ತು. ಅವನು ಜಗಲಿಯ ಮೇಲೆ ಕೂತು ಎಡಗೈಯಲ್ಲಿ ಫೋನು ಹಿಡಿದು ಒಬ್ಬೊಬ್ಬರಿಗೂ ಬೇರೆಯವರ ನಂಬರು ಕೊಡುತ್ತಿದ್ದ. ನನ್ನನ್ನು ಕಂಡರೆ, "ಬುಡಿ ಸಾ, ನನ್ ಅಣೆಬರ. ನೀವ್ಯಾಕ್ ಮುಖ ಸಣ್ಣ ಮಾಡ್ತೀರಿ" ಎನ್ನುತ್ತಿದ್ದ. ನಾನು ಮುಖವನ್ನು ಇನ್ನೂ ಸಣ್ಣ ಮಾಡಿಕೊಂಡು ಒಳಗೆ ಹೋಗುತ್ತಿದ್ದೆ.

ಪುಟ್ಟಮ್ಮನದು ಬೇರೆಯೇ ತೀರ್ಪು. ಆಯುಧಪೂಜೆಯ ದಿನ ಕೆಲಸಕ್ಕೆ ಕೈ ಹಾಕಿದ, ತನ್ನದಲ್ಲ, ಕಂಡವರದ್ದು ಎಂದು ತಾಯಿ ಚಾಮುಂಡಿಗೇ ಚಳ್ಳೆಹಣ್ಣು ತಿನ್ನಿಸಲು ಹೋದ, ಆಕೆ ಬಿಟ್ಟಾಳೆಯೇ? ದಿನವೂ ಬೆಳಿಗ್ಗೆ ಸಂಜೆ ಮಗನನ್ನು ಬಯ್ಯುವುದು ನಮ್ಮ ಮನೆಗೆ ಕೇಳಿಸುತ್ತಿತ್ತು. "ತಪ್ಪು ಮಾಡ್ದೋರ್ಗೆ ಅವ್ಳು ತೋರಿಸ್ದೆ ಇರಕಿಲ್ಲ" ಎಂದಾಗಲೆಲ್ಲ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ನಾನು ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದೆ. ನಿಜ ಹೇಳಬೇಕೆಂದರೆ, ಅಪರಾಧವನ್ನು ದೇವಿ ವಹಿಸಿಕೊಂಡಿದ್ದು ನನಗೆ ಒಳಗೊಳಗೇ ನೆಮ್ಮದಿಯಾಗಿತ್ತು. ದೇವಸ್ಥಾನಕ್ಕೆ ಅಪರೂಪಕ್ಕೆ ಹೋಗುವ ನಾನು ಅಷ್ಟು ದಿನ ದೇವಿಯ ಕೋಪವನ್ನು ಪೂರ್ತಿಯಾಗಿ ನಂಬಿದೆ.

ಕೊನೆಗೆ ಆಕೆ ಹರಕೆ ಹೊತ್ತರು. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ, ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚಿ, ಮಗನ ತಪ್ಪು ಕಾಯಿ ಎಂದು ಕೇಳಿಕೊಳ್ಳುವುದು. ಆಕೆಗೆ ಎಪ್ಪತ್ತರ ಮೇಲೆ, ಮಂಡಿ ನೋವು ಬೇರೆ. ಸಾವಿರ ಮೆಟ್ಟಿಲು, ಸಾವಿರ ಸಲ ಬಗ್ಗಬೇಕು. ಮಾದಪ್ಪ ಬೇಡವೆಂದ, ಸುಮಿತ್ರ ಬೇಡವೆಂದಳು, ಕೇಳಲಿಲ್ಲ. "ನಾನು ಕರೆದುಕೊಂಡು ಹೋಗುತ್ತೇನೆ" ಎಂದು ನನ್ನ ಬಾಯಿ ಹೇಳಿತು. ಬೀದಿಯವರೆಲ್ಲ ಹೊಗಳಿದರು. "ಇಂಥ ನೆರೆಯೋರು ಸಿಗಕ್ಕೆ ಪುಣ್ಯ ಮಾಡಿರ್ಬೇಕು ಸಾ" ಎಂದು ಮಾದಪ್ಪ ಪಟ್ಟಿ ಹಾಕಿದ ಕೈಯನ್ನೂ ಸೇರಿಸಿ ಮುಗಿದ. ಆ ನಮಸ್ಕಾರ ಇವತ್ತಿಗೂ ಎದೆಯಲ್ಲಿ ಚುಚ್ಚುತ್ತದೆ.

ಭಾನುವಾರ ಬೆಳಿಗ್ಗೆ ಬುಟ್ಟಿ ಹಿಡಿದು ಆಕೆಯ ಹಿಂದೆ ಹತ್ತಿದೆ. ಪುಟ್ಟಮ್ಮ ಬಗ್ಗುವರು, ಅರಿಶಿನ ಎಳೆಯುವರು, ಕುಂಕುಮ ಇಡುವರು, ಮಂಡಿ ಹಿಡಿದು ಏಳುವರು, "ನನ್ ಮಗನ್ ತಪ್ಪ ಒಟ್ಟೆಗಾಕ್ಕೋ ತಾಯಿ" ಎನ್ನುವರು. ಪ್ರತಿ ಮೆಟ್ಟಿಲಿಗೂ ಅದೇ ಮಾತು. ನಾನು ಹಿಂದೆ ನಿಂತು ಕೇಳುತ್ತಿದ್ದೆ. ದಾರಿಯ ನಡುವೆ ಸಿಗುವ ದೊಡ್ಡ ಕಲ್ಲಿನ ನಂದಿಯೇ ಇನ್ನೂ ಎಷ್ಟೋ ಮೇಲಿತ್ತು. ಒಂದು ಕಡೆ ಆಕೆ ಬಗ್ಗಿದವರು ತಕ್ಷಣ ಏಳಲಾಗದೆ ಮೆಟ್ಟಿಲಿಗೆ ಕೈಯೂರಿ ಹಾಗೆಯೇ ಉಳಿದರು. ನನಗೆ ತಡೆಯಲಾಗಲಿಲ್ಲ.

"ಅಮ್ಮ, ಮಾದಪ್ಪಂದು ತಪ್ಪಲ್ಲ. ಆ ರೆಂಚು ಮೊದಲೇ ಮುರಿದಿತ್ತು. ನಾನು ಅಂಟು ಹಾಕಿ ಇಟ್ಟಿದ್ದೆ."

ಆಕೆ ಮೆಲ್ಲಗೆ ತಿರುಗಿ ಕೂತರು. "ಗೊತ್ತಿದ್ದೂ ಕೊಟ್ರಾ?"

"ಹೌದಮ್ಮ."

"ಯಾಕಪ್ಪ?"

"ನಾಚಿಕೆಯಾಯ್ತು" ಎಂದೆ.

ಆಕೆ ಕೈಯಲ್ಲಿದ್ದ ಬಟ್ಟಲುಗಳನ್ನು ಮೆಟ್ಟಿಲ ಮೇಲಿಟ್ಟರು. ಆಮೇಲೆ, "ಅನ್ನ ಇಕ್ಕುವಾಗ್ಲೂ ಬಯ್ದೆನಲ್ಲಪ್ಪ ನನ್ ಮಗನ್ನ" ಎಂದರು. ನನ್ನನ್ನು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಅರಿಶಿನ ಕುಂಕುಮದ ಬಟ್ಟಲುಗಳನ್ನು ನನ್ನ ಕಡೆ ಚಾಚಿದರು. "ತಗಳಿ. ಕೆಳಗಿಂದು ಮಗನ್ನ ಬಯ್ದ ನನ್ ಬಾಯ್ಗಾಯ್ತು. ಇಲ್ಲಿಂದ ಮ್ಯಾಕೆ ನಿಮ್ದು."

ತೆಗೆದುಕೊಂಡೆ. ಪ್ಯಾಂಟು ಹಾಕಿಕೊಂಡ ಗಂಡಸು ಮೆಟ್ಟಿಲಿಗೆ ಕುಂಕುಮ ಹಚ್ಚುವುದನ್ನು ಭಾನುವಾರದ ಬೆಟ್ಟ ಅಷ್ಟಾಗಿ ಕಂಡಿಲ್ಲ. ವಾಕಿಂಗಿನವರು ನಿಂತು ನೋಡಿದರು. ಐವತ್ತು ಮೆಟ್ಟಿಲಿಗೆ ಸೊಂಟ ಹಿಡಿಯಿತು, ಬೆರಳೆಲ್ಲ ಹಳದಿಯಾಯಿತು. ಪುಟ್ಟಮ್ಮ ಬುಟ್ಟಿ ಹಿಡಿದು ಹಿಂದೆ ನಿಧಾನವಾಗಿ ಬರುತ್ತಿದ್ದರು. ಅಷ್ಟರಲ್ಲಿ ಮೇಲಿನಿಂದ ಇಳಿಯುತ್ತಿದ್ದ ಇಬ್ಬರು ನನ್ನೆದುರು ನಿಂತರು. ತಲೆಯೆತ್ತಿದರೆ ಈ ವರ್ಷದ ಬ್ಯಾಚಿನ ಹುಡುಗಿ, ಜೊತೆಗೆ ಅವಳ ತಾಯಿ.

"ಸರ್! ಏನ್ ಹರಕೆ ಸರ್?"

ಅಷ್ಟು ಆದ ಮೇಲೂ ನನ್ನ ನಾಲಿಗೆ ನೋಡಿ. "ಏನಿಲ್ಲಮ್ಮ, ಲೋಕಕಲ್ಯಾಣಕ್ಕೆ" ಎಂದಿತು. ಎನ್ನುತ್ತಲೇ ಅವರನ್ನು ದಾಟಿ ಎರಡು ಮೆಟ್ಟಿಲು ಮೇಲೆ ಹತ್ತಿದೆ.

"ಲೋಕಕ್ಕಲ್ಲ ಕಣವ್ವ" ಎಂದು ಹಿಂದಿನಿಂದ ಪುಟ್ಟಮ್ಮನ ದನಿ ಬಂತು. "ಮುರುದ್ ರಿಂಚ್ಗೆ ಅಂಟಾಕಿ ನನ್ ಮಗನ್ ಕೈ ಮುರುದ್ರು, ಅದ್ಕೆ. ಮೇಷ್ಟ್ರೆ, ಮಾತಾಡ್ತಾ ಮಾತಾಡ್ತಾ ಎಲ್ಡ್ ಮೆಟ್ಲು ಬುಟ್ಬುಟ್ರಿ. ಇಳೀರಿ."

ತಾಯಿ ಮಗಳು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ನಾನು ಎರಡು ಮೆಟ್ಟಿಲು ಇಳಿದು, ಬಗ್ಗಿದೆ.